ರೂಪಾಯಿಗೆ ಆರಾಣೆ ಪ್ರಚಾರ

ಈ ಬರಹದಲ್ಲಿ ಒಂದೆರಡು ಸಂಗತಿ ತಪ್ಪಿರಬಹುದು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬೇಸಿಗೆ ನಾನು ಗುಲಬರ್ಗಾದಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿ ರಜೆಗೆಂದು ಸಿಂಧನೂರಿಗೆ ಬಂದಿದ್ದೆ. ಬರೆಯುವ ಹುಚ್ಚು ಹೊಸದಾಗಿ ಹಿಡಿದಿತ್ತು, ದಿನಾಲೂ ಡೈರಿ ಬರೆಯುತ್ತಿದ್ದೆ. ಹಾಗಾದರೆ ಡೈರಿ ನೋಡಿ ಬರೆದರಾಯಿತಲ್ಲ ಅನ್ನುತ್ತೀರಿ. ಆ ಡೈರಿಯನ್ನು ಎಷ್ಟು ನಂಬುವುದು? ಕಾಕಾ ತಂದ ಸೊಳ್ಳೆ ಪರದೆಗಳು ಒಂದು ಪುಟದಲ್ಲಿ ನೂರಾ ಇಪ್ಪತ್ತು ಇವೆ, ಮೂರು ಪುಟ ದಾಟಿದರೆ ನೂರಾ ನಲವತ್ತು. ನಡುವೆ ಹೊಸ ಮಾಲು ಬಂದಿಲ್ಲ. ಪರದೆಗಳೇನು ಗಂಟಿನೊಳಗೇ ಮರಿ ಹಾಕಿದವೇ?

ಒಂದು ಮಾತನ್ನು ಮಾತ್ರ ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ. ನಮ್ಮ ಕಾಕಾನಷ್ಟು ಪ್ರಚಾರ ಮಾಡಿ, ನಮ್ಮ ಕಾಕಾನಷ್ಟು ಕಡಿಮೆ ಮಾರಿದ ವ್ಯಾಪಾರಿ ಇಡೀ ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮನೆಯ ಮುಂದಿನ ಅಂಕಣದಲ್ಲಿ ಅವನ ಕಿರಾಣಿ ಅಂಗಡಿ, ಹಿಂದೆ ನಮ್ಮೆಲ್ಲರ ಸಂಸಾರ. ಅಂಗಡಿಯಲ್ಲಿ ಬೆಲ್ಲ ಇರಲಿ ಬಿಡಲಿ, ‘ಬೆಲ್ಲ ಬಂದಿದೆ’ ಎಂಬ ಬೋರ್ಡು ಸದಾ ಇರುತ್ತಿತ್ತು. ಮನೆಯ ಎಮ್ಮೆ ಈದಾಗ ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿ ಹಂಚಿದ ಮಹಾನುಭಾವ ಅವನು. “ಗಿಣ್ಣ ಬೇಕಾದವರು ತಾವ ಬರ್ತಾರ” ಎಂದಿದ್ದ. ಬಂದರು. ಊರೇ ಬಂತು. ನಮಗೆ ಗಿಣ್ಣ ಸಿಗಲಿಲ್ಲ.

ಅವನ ಹೆಂಡತಿಯನ್ನು ನಾವು ಕಾಕು ಅನ್ನುತ್ತಿದ್ದೆವು. ಕಾಕುಗೆ ತವರಿನವರು ಕೊಟ್ಟ ನಾಲ್ಕು ಎಕರೆ ಹೊಲ ದಢೇಸುಗೂರಿನ ಕಡೆ ಇತ್ತು. ಒಳ್ಳೆಯ ಕರಿ ಹೊಲ, ಜೋಳ ಬೆಳೆಯುತ್ತಿತ್ತು. ಕಾಲುವೆ ಬಂದ ಮೇಲೆ ಸುತ್ತಲಿನವರೆಲ್ಲ ಹೊಲ ಸಮ ಮಾಡಿಸಿ, ಮಡಿ ಕಟ್ಟಿ, ಭತ್ತ ಹಚ್ಚಿದರು. ಅವರ ಗದ್ದೆಯ ನೀರು ಬಸಿದು ಬಸಿದು ಕಾಕುವಿನ ಹೊಲ ಜವಳು ಹಿಡಿಯಿತು. ಜೋಳ ಬಿತ್ತಿದರೆ ಬೇರು ಕೊಳೆಯುತ್ತದೆ. ಭತ್ತ ಹಚ್ಚೋಣವೆಂದರೆ ನೆಲ ಸಮ ಇಲ್ಲ. ಎರಡು ವರ್ಷ ಹೀಗೇ ಹೋಯಿತು. ಈ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ತರಿಸಿ ಸಮ ಮಾಡಿಸಬೇಕು, ಇಲ್ಲವಾದರೆ ಮಾರಿಬಿಡಬೇಕು ಎಂದು ಮನೆಯ ಹಿರಿಯರು ಕೂತು ತೀರ್ಮಾನಿಸಿದರು. ಕೊಳ್ಳುವುದಕ್ಕೆ ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ರೈತರೊಬ್ಬರು ಕಾದಿದ್ದರು. ವಾರಕ್ಕೊಮ್ಮೆ ಅಂಗಡಿಗೆ ಬಂದು ಒಂದು ಬೆಂಕಿಪೊಟ್ಟಣ ಕೊಂಡು, “ಚೇನು ಸಂಗತಿ ಏಮಿ?” ಎಂದು ಹೊಲದ ವಿಚಾರ ಕೇಳಿ ಹೋಗುತ್ತಿದ್ದರು. ಅವರ ಮನೆಯಲ್ಲಿ ಬೆಂಕಿಪೊಟ್ಟಣದ ರಾಶಿಯೇ ಬಿದ್ದಿರಬೇಕು.

ಕಾಕು ಹೈನು ಮಾರಿ ವರ್ಷಗಟ್ಟಲೆ ಕೂಡಿಟ್ಟ ರೊಕ್ಕವನ್ನು ಕಾಕಾನ ಕೈಗೆ ಕೊಟ್ಟು, ಟ್ರ್ಯಾಕ್ಟರ್ ಗೊತ್ತು ಮಾಡಿ ಬರಲು ರಾಯಚೂರಿಗೆ ಕಳಿಸಿದಳು. ಇದು ಅವಳು ಮಾಡಿದ ತಪ್ಪು. ಅವಳೇ ಬಸ್ಸು ಹತ್ತಬೇಕಾಗಿತ್ತು.

ಮರುದಿನ ಮಧ್ಯಾಹ್ನದ ಬಸ್ಸಿನ ಮೇಲಿಂದ ಎರಡು ದೊಡ್ಡ ಗಂಟು ಇಳಿದವು. ಹಿಂದೆ ಕಾಕಾ ಇಳಿದ.

“ಟ್ರ್ಯಾಕ್ಟರ್ ಎಲ್ಲೈತ್ರೀ?” ಕಾಕು ಕೇಳಿದಳು.

“ಇದರೊಳಗ ಐತಿ.”

“ಮಡಚಿ ತಂದೀರೇನು?”

ಕಾಕಾ ಗಂಟು ಬಿಚ್ಚಿದ. ಬೆಳ್ಳನೆಯ ಸೊಳ್ಳೆ ಪರದೆಗಳು! ರಾಯಚೂರಿನ ಯಾವನೋ ಸಗಟು ವ್ಯಾಪಾರಿ ಗಂಟು ಬಿದ್ದಿದ್ದನಂತೆ. ಕಾಕಾ ಕಟ್ಟೆಯ ಮೇಲೆ ಕೂತು ನಮಗೆಲ್ಲ ಪಾಠ ಹೇಳಿದ. “ಕಾಲುವಿ ಬಂತು. ಕಾಲುವಿ ಹಿಂದ ಭತ್ತ ಬಂತು. ಭತ್ತದ ಹಿಂದ ಸೊಳ್ಳಿ ಬಂತು. ಸೊಳ್ಳಿ ಹಿಂದ ಏನ್ ಬರಬೇಕು ಹೇಳ್ರಿ?”

“ಜ್ವರ” ಅಂದಳು ಕಾಕು.

“ಪರದಿ ಬರಬೇಕಬೇ! ಆ ರೊಕ್ಕಕ್ಕ ಒಂದು ಟ್ರ್ಯಾಕ್ಟರ್ ನಾಕು ದಿನ ಬರ್ತಿತ್ತು. ಇವನ್ನ ಮಾರಿದ್ರ ಹತ್ತು ದಿನ ನಿಲ್ಲತೈತಿ. ಮಿರಗದ ಮಳಿ ಕೂಡೂದರೊಳಗ ನಿನ್ನ ಹೊಲ ಕೇರಂ ಬೋರ್ಡ್ ಆಗಲಿಲ್ಲಂದ್ರ ನೋಡು!”

“ಹೊಲ ನಂದು, ಪರದಿ ನಿಮ್ಮವು. ಮೊದಲು ಯಾವದು ಮಾರಿ ಹೋಗತೈತಿ ನೋಡೂಣು” ಎಂದು ಕಾಕು ಒಳಗೆ ಹೋದಳು. ಆಮೇಲೆ ಬಾಗಿಲಿಂದ ತಲೆ ಹೊರಹಾಕಿ ಕೇಳಿದಳು: “ಉಳದದ್ದು ಎಷ್ಟೈತಿ, ಅದನ್ನರ ಕೊಡ್ರಿ ಇತ್ತಾಗ.”

“ಅದು ಪ್ರಚಾರದ್ದು! ಮುಟ್ಟಂಗಿಲ್ಲ!”

ಆಗ ಗೊತ್ತಾಯಿತು. ಕಾಕಾ ಪ್ರತಿ ರೂಪಾಯಿಯಲ್ಲಿ ಹತ್ತಾಣೆಯನ್ನು ಮಾಲಿಗೆ ಹಾಕಿ, ಆರಾಣೆಯನ್ನು ಪ್ರಚಾರಕ್ಕೆಂದು ಧೋತರದ ಗಂಟಿಗೆ ಕಟ್ಟಿಕೊಂಡು ಬಂದಿದ್ದ. ಆಣೆಯ ನಾಣ್ಯ ಆಗಲೇ ಹೋಗಿ ನಯಾಪೈಸೆ ಬಂದಿತ್ತು. ಆದರೆ ಕಾಕಾನ ಲೆಕ್ಕ ಆಣೆ ಬಿಟ್ಟು ಕದಲಿರಲಿಲ್ಲ.

ಪ್ರಚಾರಕ್ಕೆ ಒಂದು ಪ್ಲ್ಯಾನ್ ಬೇಕು ಎಂದು ಅವನು ನನ್ನನ್ನು ಹಿಡಿದು ಕೂರಿಸಿದ. “ನೀ ಕಾಲೇಜು ಕಲಿಯಾಕಿ. ನಾ ಹೇಳ್ತೀನಿ, ನೀ ಮನಿ ಹಾಕಿ ಬರಿ.” ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆ ಹಾಕಿದೆ. ಇವತ್ತಿನ ಕಾಲದಲ್ಲಿ ಇಂಥದ್ದಕ್ಕೆ ದೊಡ್ಡ ದೊಡ್ಡ ಕಚೇರಿಗಳಿವೆ, ಅವರು ಹಣ ತೆಗೆದುಕೊಂಡು ಯಾವ ಪತ್ರಿಕೆಗೆ ಎಷ್ಟು, ರೇಡಿಯೋಕ್ಕೆ ಎಷ್ಟು ಎಂದು ಹಂಚಿ ಕೊಡುತ್ತಾರೆ. ಕಾಕಾ ಅದನ್ನು ಉಪ್ಪಿನ ಚೀಲದ ಮೇಲೆ ಕೂತು ಮಾಡಿದ. ಅವನ ಸಿದ್ಧಾಂತ ಇಷ್ಟೇ: ಊರಿನ ಗುಣ ನೋಡಿ ಪ್ರಚಾರ.

“ಲಿಂಗಸುಗೂರಾಗ ಕೋರ್ಟು, ಕಚೇರಿ, ವಕೀಲರು. ಅವರು ಓದೂ ಮಂದಿ. ಅಲ್ಲಿಗೆ ಹ್ಯಾಂಡ್‌ಬಿಲ್. ಸಿಂಧನೂರಿನವರು ನೋಡೂ ಮಂದಿ, ಒಂದ ಸಿನಿಮಾ ಮೂರ್ ಸಲ ನೋಡ್ತಾರ. ಇಲ್ಲಿಗೆ ಟಾಕೀಸಿನ ಸ್ಲೈಡು. ಮಸ್ಕಿಯವರು ಕೇಳೂ ಮಂದಿ. ಅಲ್ಲಿಗೆ ಡಂಗುರ. ನಡು ನಡು ಹಳ್ಳಿಗೋಳಿಗೆ ಗ್ವಾಡಿ.”

“ಹಟ್ಟಿಗೆ?”

ಕಾಕಾ ಕಣ್ಣು ಮುಚ್ಚಿ ಯೋಚಿಸಿದ. “ಹಟ್ಟಿಗೆ ಭೋಂಗಾ.”

ಭೋಂಗಾ ಎಂದರೆ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಬದಲಾಗುವಾಗ ಊದುತ್ತಿದ್ದ ಸೈರನ್. ದಿನಕ್ಕೆ ಇಷ್ಟು ಸಲ ಊದುತ್ತದೆ, ಇಡೀ ಊರು ಕಿವಿಗೊಟ್ಟು ಕೇಳುತ್ತದೆ, ಇಂಥ ಸಾಧನವನ್ನು ಬರೀ ಹೊತ್ತು ಹೇಳಲು ಬಳಸುವುದು ಎಂಥ ನಷ್ಟ! ಕಾಕಾ ಬಸ್ಸು ಹತ್ತಿ ಹಟ್ಟಿಗೆ ಹೋಗಿ, ಭೋಂಗಾ ಊದಿದ ಕೂಡಲೇ ಒಬ್ಬ ಮನುಷ್ಯ ತಗಡಿನ ಕಹಳೆಯಲ್ಲಿ ‘ಸೊಳ್ಳೆ ಪರದೆ’ ಎಂದು ಮೂರು ಸಲ ಕೂಗುವುದಕ್ಕೆ ತಿಂಗಳಿಗೆ ಏನು ದರ ಎಂದು ವಿಚಾರಿಸಿದ. ಅಲ್ಲಿಯ ಗುಮಾಸ್ತರು ಬಹಳ ಮರ್ಯಾದಸ್ಥರು. “ಸದ್ಯಕ್ಕ ಭೋಂಗಾ ಬಾಡಿಗಿಗೆ ಇಲ್ರಿ” ಎಂದು ಚಹಾ ಕುಡಿಸಿ ಕಳಿಸಿದರು. ‘ಸದ್ಯಕ್ಕ’ ಅಂದದ್ದರಿಂದ ಕಾಕಾ ಪ್ಲ್ಯಾನಿನಲ್ಲಿ ಹಟ್ಟಿಯ ಮನೆಯನ್ನು ಖಾಲಿ ಬಿಡಲು ಹೇಳಿದ. ಅದು ಇನ್ನೂ ಖಾಲಿಯೇ ಇದೆ.

ಮೊದಲು ಲಿಂಗಸುಗೂರು. ಹ್ಯಾಂಡ್‌ಬಿಲ್ಲಿನ ಒಕ್ಕಣೆ ಕಾಕಾನದು, ಕಾಗುಣಿತ ನನ್ನದು. ದಪ್ಪ ಅಕ್ಷರದಲ್ಲಿ ‘ಎಚ್ಚರಿಕೆ! ನಿಮ್ಮ ರಕ್ತ ಹೀರುವವರು ನಿಮ್ಮ ಮನೆಯಲ್ಲೇ ಇದ್ದಾರೆ!’ ಎಂದಿತ್ತು. ಸೊಳ್ಳೆಯ ಮಾತು ಸಣ್ಣ ಅಕ್ಷರದಲ್ಲಿ ಕೆಳಗೆ ಇತ್ತು. ಲಿಂಗಸುಗೂರಿನವರು ಓದುವ ಮಂದಿ ಎಂಬುದು ನಿಜ, ಆದರೆ ಮೊದಲ ಸಾಲನ್ನು ಓದಿ ಮಡಚಿ ಕಿಸೆಗೆ ಹಾಕಿಕೊಳ್ಳುವ ಮಂದಿ. ಕೋರ್ಟಿಗೆ ಬಂದ ಸೊಸೆಯೊಬ್ಬಳು ಅದನ್ನು ಮನೆಗೊಯ್ದು ಅತ್ತೆಗೆ ಕಾಣುವಂತೆ ಕಂಬಕ್ಕೆ ಅಂಟಿಸಿದಳಂತೆ. ಅತ್ತೆ ಮರುದಿನವೇ ಬಸ್ಸು ಹತ್ತಿ ಸಿಂಧನೂರಿಗೆ ಬಂದು ನಮ್ಮ ಅಂಗಡಿಯ ಮುಂದೆ ನಿಂತು, “ಯಾವನಾಂವ ನನ್ನ ಬಗ್ಗೆ ಅಚ್ಚ ಹಾಕಿಸಿದಾಂವ?” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾಕಾ ಉಪ್ಪಿನ ಚೀಲದ ಹಿಂದೆ ಕೂತುಬಿಟ್ಟ. ಸಮಾಧಾನ ಮಾಡಿದ್ದು ಕಾಕು. ಅವಳಿಗೆ ನೀರು ಕೊಟ್ಟು, ಊಟ ಹಾಕಿ, ಹೋಗುವಾಗ ಒಂದು ಪರದೆ ಉಡಿಯಲ್ಲಿ ಕೊಟ್ಟು ಕಳಿಸಿದಳು.

“ಒಂದು ಹೋತು” ಎಂದು ಕಾಕಾ ಚೀಲದ ಹಿಂದಿನಿಂದ ಎದ್ದ.

“ಹೋತು, ಮಾರಲಿಲ್ಲ” ಅಂದಳು ಕಾಕು.

ಉಳಿದ ಹ್ಯಾಂಡ್‌ಬಿಲ್ಲುಗಳಲ್ಲಿ ಮಿರ್ಚಿ ಭಜಿ ಕಟ್ಟಿಕೊಟ್ಟರು. ಎಣ್ಣೆ ಹತ್ತಿದ ಒಂದು ಕಾಗದ ಹೇಗೋ ಸಿಂಧನೂರಿನವರೆಗೆ ಬಂದದ್ದನ್ನು ಕಾಕಾ ಎತ್ತಿ ಹಿಡಿದು ತೋರಿಸಿದ: “ನೋಡಬೇ, ನನ್ನ ಮಾತು ಎಷ್ಟ ದೂರ ಬಂದೈತಿ!”

ಇನ್ನು ಗೋಡೆಗಳು. ಸಂತೆಕಲ್ಲೂರಿನಲ್ಲಿ ರಸ್ತೆಗೆ ಮುಖ ಮಾಡಿದ ನಾಲ್ಕು ಗೋಡೆಗಳನ್ನು ಕಾಕಾ ಆರು ತಿಂಗಳಿಗೆ ಗೊತ್ತು ಮಾಡಿದ. ಪೇಂಟರು ನೆಲದಿಂದ ಮಾಳಿಗೆಯವರೆಗೆ ಒಂದು ಸೊಳ್ಳೆ ಬರೆದ. ಎಂಥ ಸೊಳ್ಳೆ ಅಂತೀರಿ! ಆನೆಯಷ್ಟು ದೊಡ್ಡದು, ಕಣ್ಣು ಕೆಂಪು, ಮೂತಿ ಬಡಿಗೆಯಷ್ಟು ಉದ್ದ. ಆ ಓಣಿಯಲ್ಲಿ ಹಸುಗೂಸುಗಳು ಹಗಲು ರಾತ್ರಿ ಅತ್ತವಂತೆ. ನಾವು ನಾಲ್ಕು ದಿನ ಬಿಟ್ಟು ನೋಡಲು ಹೋದರೆ ಸೊಳ್ಳೆಯೇ ಇಲ್ಲ! ಗೋಡೆ ತುಂಬ ಸಗಣಿಯ ಕುಳ್ಳು ತಟ್ಟಿದ್ದರು. ಸೊಳ್ಳೆಯ ಒಂದು ಕಾಲು ಮಾತ್ರ ಕುಳ್ಳಿನ ಸಂದಿಯಿಂದ ಹೊರಗೆ ಚಾಚಿತ್ತು.

ಒಬ್ಬ ಅಜ್ಜಿ ಇನ್ನೂ ತಟ್ಟುತ್ತಲೇ ಇದ್ದಳು. ಕಾಕಾ ಕೈಮುಗಿದ. “ಅವ್ವಾರ, ಅದು ಜಾಹೀರಾತುರೀ! ಓದೂದೈತಿ!”

“ಆಗಲೇಳು ತಮ್ಮಾ, ಕುಳ್ಳು ಒಣಗಿದ ಮ್ಯಾಲ ಕಿತ್ತಿ ಓದ್ತೀವಿ” ಎಂದು ಅಜ್ಜಿ ಇನ್ನೊಂದು ಹಿಡಿ ಸಗಣಿಯನ್ನು ಸೊಳ್ಳೆಯ ಕಾಲಿಗೆ ಬಡಿದಳು. ಬಣ್ಣ ಬಳಿದ ಗೋಡೆಯಿಂದ ಕುಳ್ಳು ಮಣ್ಣು ಹತ್ತದೆ ಚೊಕ್ಕ ಏಳುತ್ತವೆ ಎಂದು ಓಣಿಯ ಹೆಂಗಸರೆಲ್ಲ ಕಾಕಾನನ್ನು ಹರಸಿದರು. ಉಳಿದ ಮೂರು ಗೋಡೆಗೂ ಅವರೇ ಪಾಳಿ ಹಚ್ಚಿದ್ದರು. ಮರಳುವಾಗ ಬಸ್ಸಿನಲ್ಲಿ ಕಾಕಾ, “ಪ್ಲ್ಯಾನಿನಾಗ ಒಂದ್ ಮನಿ ಹೆಚ್ಚ ಹಾಕು. ಕುಳ್ಳಿನ ಹಂಗಾಮು” ಎಂದ.

ಸಿಂಧನೂರಿನ ಟೂರಿಂಗ್ ಟಾಕೀಸಿನಲ್ಲಿ ಕಾಕಾ ಕೊಂಡದ್ದು ಮಧ್ಯಂತರದ ಸ್ಲೈಡು, ಯಾಕೆಂದರೆ ಅದರ ದರವೇ ಎಲ್ಲಕ್ಕಿಂತ ಹೆಚ್ಚು. ದರ ಹೆಚ್ಚೆಂದರೆ ಮಾಲು ಒಳ್ಳೆಯದಿರಬೇಕಲ್ಲ! ಮಧ್ಯಂತರದಲ್ಲಿ ಜನರೆಲ್ಲ ಚಹಾಕ್ಕೂ ಇನ್ನೊಂದಕ್ಕೂ ಎದ್ದು ಹೊರಗೆ ಹೋಗುತ್ತಾರೆ ಎಂಬುದು ಅವನಿಗೆ ಮೊದಲ ಆಟದಲ್ಲೇ ತಿಳಿಯಿತು. ಡೇರೆಯೊಳಗೆ ಉಳಿದವರು ಕಾಕಾ, ನಾನು ಮತ್ತು ನಿದ್ದೆ ಹೋಗಿದ್ದ ಒಬ್ಬ ಪೊಲೀಸಪ್ಪ. ಕಾಕಾ ಆಪರೇಟರನ ಹತ್ತಿರ ಹೋಗಿ ಜಗಳಾಡಿದ. ಆಪರೇಟರ್ ಪುಣ್ಯಾತ್ಮ. “ಹಂಗಾರ ಮಂದಿ ಒಳಗಿದ್ದಾಗ ಹಾಕ್ತೀನಿ ಬಿಡ್ರಿ ಸಾಹುಕಾರ್ರ” ಎಂದು ಒಪ್ಪಿಕೊಂಡ. ಯಾವಾಗ ಹಾಕಿದ? ಫಿಲ್ಮು ಹರಿದಾಗ! ಹೊಡೆದಾಟ ನಡುವೆ ನಿಂತು, ಕತ್ತಲಾಗಿ, ಜನ ಸೀಟಿ ಹೊಡೆಯುತ್ತ ಹಲ್ಲು ಕಡಿಯುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಕಾಕಾನ ಸೊಳ್ಳೆ ಬರುತ್ತಿತ್ತು. ಆ ಟಾಕೀಸಿನ ಫಿಲ್ಮುಗಳು ಆಟಕ್ಕೆ ಐದಾರು ಸಲ ಹರಿಯುತ್ತಿದ್ದವು. ಒಂದೇ ವಾರದಲ್ಲಿ ಇಡೀ ಸಿಂಧನೂರು ಆ ಸೊಳ್ಳೆಯನ್ನು ಕಂಡರೆ ಬೈಯುವುದನ್ನು ಕಲಿಯಿತು. ಬಜಾರಿನಲ್ಲಿ ಕಾಕಾ ಹೊರಟರೆ ಹಿಂದಿನಿಂದ ಸೀಟಿ. ‘ಸೊಳ್ಳಿ ಸಾಹುಕಾರ’ ಎಂಬ ಬಿರುದೂ ಬಂತು.

“ಹೆಸರಾತು ನೋಡಬೇ!”

“ಆತು. ಪರದಿ ಎಷ್ಟ ಹೋದ್ವು?”

ಐದು ಹೋಗಿದ್ದವು. ಮೂರನ್ನು ಕೊಂಡವನು ಕಾಲುವೆಯಲ್ಲಿ ಮೀನು ಹಿಡಿಯುವವನು. “ಏನ್ ಗಟ್ಟಿ ಅದಾವ್ರೀ, ಸಣ್ಣ ಮೀನೂ ತಪ್ಪಂಗಿಲ್ಲ” ಎಂದು ಅವನು ಹೊಗಳಿದಾಗ ಕಾಕಾನ ಮುಖ ನೋಡಬೇಕಿತ್ತು. ಮಾಲಿಗೆ ಸಿಕ್ಕ ಮೊದಲ ಮೆಚ್ಚುಗೆ, ಅದೂ ಮೀನಿನ ಕಡೆಯಿಂದ!

ಬೇಸಿಗೆ ಮುಗಿಯುತ್ತ ಬಂತು. ಕ್ಯಾಂಪಿನ ರೈತರು ಈಗ ವಾರಕ್ಕೆರಡು ಬೆಂಕಿಪೊಟ್ಟಣ ಕೊಳ್ಳುತ್ತಿದ್ದರು. ಕಾಕು ಬೆಳಿಗ್ಗೆ ಎದ್ದು ಆಕಾಶ ನೋಡುತ್ತಿದ್ದಳು, ಮಿರಗದ ಮಳೆಗೆ ಎಷ್ಟು ದಿನ ಉಳಿದವೆಂದು ಗಟ್ಟಿಯಾಗಿ ಹೇಳಿ ಒಳಗೆ ಹೋಗುತ್ತಿದ್ದಳು. ಗಟ್ಟಿಯಾಗಿ ಹೇಳುವುದು ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು.

ಅಂಥ ಒಂದು ಬೆಳಿಗ್ಗೆ ಕಾಕಾ ಖರ್ಚಿಲ್ಲದ ಪ್ರಚಾರವೊಂದನ್ನು ಕಂಡುಹಿಡಿದ. ಅಂಗಡಿಯ ಮುಂದೆ ಹಗ್ಗದ ಹೊರಸು ಹಾಕಿ, ನಾಲ್ಕು ಬಡಿಗೆ ಕಟ್ಟಿ, ಪರದೆ ಇಳಿಬಿಟ್ಟು, ಅದರೊಳಗೆ ತಾನೇ ಪದ್ಮಾಸನ ಹಾಕಿ, ಹಣೆಗೆ ವಿಭೂತಿ ಧರಿಸಿ ಕೂತ. ನೆಟ್ಟಗೆ, ಅಲುಗಾಡದೆ ಕೂತ. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ, ಅಲಂಕಾರ ಮಾಡಿ ಕೂರಿಸುತ್ತೇವೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೇಗೆ ಮರೆತಿತ್ತೋ! ರಸ್ತೆಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತರು. ರುಮಾಲು ತೆಗೆದರು. ಕಣ್ಣು ಒರೆಸಿಕೊಂಡು, “ನಿನ್ನಿ ನನಗ ಬೆಲ್ಲ ತೂಗಿಕೊಟ್ಟಿದ್ದನಲ್ಲೋ ಶಿವನೇ” ಎಂದು ಹೊರಸಿನ ಕಾಲು ಮುಟ್ಟಿ ನಮಸ್ಕರಿಸಿದರು.

“ಅಜ್ಜಾರ, ಒಂದ್ ಪರದಿ ತಗೋರಿ” ಎಂದಿತು ಒಳಗಿನಿಂದ ಧ್ವನಿ.

ಅಜ್ಜ ಓಡಿದ ಓಟವನ್ನು ಆ ವಯಸ್ಸಿನವರು ಓಡಿದ್ದು ನಾನು ಮತ್ತೆ ನೋಡಿಲ್ಲ.

ಉಳಿದದ್ದು ಮಸ್ಕಿ, ಪ್ರಚಾರದ ಗಂಟಿನಲ್ಲಿ ಉಳಿದದ್ದೂ ಅಲ್ಲಿಗಾಗುವಷ್ಟೇ. ಕಾಕಾ ಸಂತೆಯ ದಿನ ಮಸ್ಕಿಗೆ ಹೋಗಿ, ಡಂಗುರ ಸಾರುವವನನ್ನು ಹುಡುಕಿ, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಸಿ, ಕೊನೆಯ ರೂಪಾಯಿಯನ್ನೂ ಅವನ ಕೈಗಿಟ್ಟು ಮುಂದಿನ ಬಸ್ಸಿಗೆ ಮರಳಿದ. ನಿಂತು ಕೇಳಲಿಲ್ಲ. ನಿಂತು ಕೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಜನ! ಮಸ್ಕಿಯಿಂದ, ಸುತ್ತಲಿನ ಹಳ್ಳಿಗಳಿಂದ, ಮೊದಲ ಬಸ್ಸಿಗೆ ಬಂದವರು, ಬಂಡಿ ಕಟ್ಟಿಕೊಂಡು ಬಂದವರು. ಯಾರೂ ಚೌಕಾಸಿ ಮಾಡಲಿಲ್ಲ. ಯಾರೂ ಪರದೆಯನ್ನು ಬಿಚ್ಚಿ ನೋಡಲಿಲ್ಲ. ರೊಕ್ಕ ಇಟ್ಟು, ಪರದೆ ತೆಗೆದುಕೊಂಡು, ಒಂದು ಚೀಟಿ ಬರೆಸಿಕೊಂಡು ತಲೆ ತಗ್ಗಿಸಿ ಹೋದರು. ನಾನು ಚೀಟಿ ಬರೆದೂ ಬರೆದೂ ಬೆರಳು ನೋಯಿಸಿಕೊಂಡೆ. ಇಳಿಹೊತ್ತಿಗೆ ಗಂಟಿನ ತಳ ಕಂಡಿತು. ಕಾಕಾ ಕುಣಿಯುವುದೊಂದು ಬಾಕಿ. “ಹೇಳಿದ್ನಿಲ್ಲ, ಮಸ್ಕಿಯವರು ಕೇಳೂ ಮಂದಿ! ನಾಳೆನ ಟ್ರ್ಯಾಕ್ಟರ್ ಹೇಳಿ ಕಳಸ್ತೀನಿ!” ಬಾಗಿಲಲ್ಲಿ ನಿಂತ ಕಾಕು ನಗುತ್ತಿದ್ದಳು. ಆ ನಗು ನನಗೆ ಚೆನ್ನಾಗಿ ನೆನಪಿದೆ, ಅದರಲ್ಲಿ ತಪ್ಪಿರಲಾರದು.

ಕೊನೆಗೆ ಬಂದವಳು ಒಬ್ಬ ಮುದುಕಿ. ಸೆರಗಿನ ಗಂಟು ಬಿಚ್ಚುತ್ತ ಕೇಳಿದಳು:

“ಯಪ್ಪಾ, ಮನಿಗೊಂದೋ, ತಲಿಗೊಂದೋ?”

“ನಿಮ್ಮ ಇಷ್ಟ ಬೇ ಯಮ್ಮಾ, ಎಷ್ಟರ ತಗೋರಿ!”

“ನನ್ನ ಇಷ್ಟದ್ದೇನೈತೋ ಯಪ್ಪಾ, ಸರಕಾರದ್ದು. ನಾ ಒಬ್ಬಾಕೀನ ಅದೀನಿ, ಒಂದ ಕೊಡು. ಬಿತ್ತಾಕ ಇಟ್ಟ ಜ್ವಾಳ ಮಾರಿ ಬಂದೀನಿ. ಚೀಟಿ ಮಾತ್ರ ಬರದು ಕೊಡು, ನಾಳೆ ಪಟವಾರಿ ಬಂದ್ರ ತೋರಸಬೇಕು.”

ಕಾಕಾ ಅವಳನ್ನು ಕೂರಿಸಿ ಕೇಳಿದ. ಡಂಗುರದವನು ಹುಟ್ಟಿದಾಗಿನಿಂದ ಸಾರಿದ್ದೆಲ್ಲ ಸರಕಾರದ್ದು. ಲೆವಿ ಜೋಳ ಅಳೆಯಬೇಕು, ಕಾಲರಾ ಸೂಜಿ ಚುಚ್ಚಿಸಿಕೊಳ್ಳಬೇಕು, ಕರ ಕಟ್ಟಬೇಕು. ‘ಕೇಳ್ರಪೋ ಕೇಳ್ರಿ, ಸರಕಾರದ ಹುಕುಂ ಆಗೇತಿ’ ಎನ್ನದೆ ಅವನ ಬಾಯೇ ತೆರೆಯುವುದಿಲ್ಲ, ಹಲಗೆಯೇ ಬಾರಿಸುವುದಿಲ್ಲ. ಕಾಕಾನ ಬಾಯಿಪಾಠದ ಮುಂದೆಯೂ ಅದನ್ನು ಸೇರಿಸಿ ಸಾರಿದ್ದ. ಮೊನ್ನೆ ಮೊನ್ನೆಯಷ್ಟೇ ಸೊಳ್ಳೆಯ ಔಷಧ ಹೊಡೆಯುವವರು ಬಂದು ಮನೆ ಮನೆಯ ಬಾಗಿಲಿಗೆ ನಂಬರು ಬರೆದು ಹೋಗಿದ್ದರು. ಜನ ಹೇಗೆ ನಂಬದಿರುತ್ತಾರೆ?

ಕಾಕಾ ಮುದುಕಿಯ ರೊಕ್ಕ ಅವಳಿಗೇ ಮರಳಿಸಿ ಬಸ್ಸು ಹತ್ತಿಸಿ ಬಂದ. ಬಂದವನು ಮಾತಾಡಲಿಲ್ಲ. ಅವನು ಮಾತಾಡದಿದ್ದದ್ದನ್ನು ನಾವು ಯಾರೂ ಕಂಡವರಲ್ಲ, ಹಾಗಾಗಿ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ನಾನು ಬಾಯಿ ತೆರೆದೆ. ಬಿ.ಎ. ಓದುತ್ತಿದ್ದೆನಲ್ಲ!

“ಕಾಕಾ, ಪರದೆ ಒಳ್ಳೇದೇ ಅಲ್ಲೇನು? ಮಲಗಿದರೆ ಜ್ವರ ತಪ್ಪತೈತಿ. ಸರಕಾರ ಹೇಳಬೇಕಾದದ್ದನ್ನ ನಾವು ಹೇಳಿದಂಗಾತು. ನಾವೇನು ಸುಳ್ಳು ಹೇಳಿಲ್ಲ, ಅವನು ಹೇಳ್ಯಾನ. ಹೊಲನೂ ಉಳಿತೈತಿ.”

ಈ ಮಾತು ಡೈರಿಯಲ್ಲಿದೆ. ಕೆಳಗೆ ಗೆರೆಯನ್ನೂ ಎಳೆದಿದ್ದೇನೆ, ಭಾರಿ ತರ್ಕ ಮಾಡಿದೆನೆಂಬ ಹೆಮ್ಮೆಯಿಂದ. ಉಳಿದದ್ದೆಲ್ಲ ಸರಿಯಾಗಿಯೇ ಇರಲಿ, ಇದೊಂದನ್ನಾದರೂ ಆ ಡೈರಿಯಲ್ಲಿ ತಪ್ಪಾಗಿ ಬರೆದಿರಬಾರದಿತ್ತೇ ಎಂದು ಅನೇಕ ಸಲ ಅನಿಸಿದೆ. ಕಾಕಾ ನನ್ನನ್ನು ನೋಡಿ, “ಆ ಮುದಿಕಿ ಬಿತ್ತಾಕ ಏನ್ ಮಾಡ್ತಿದ್ಲವಾ?” ಎಂದಷ್ಟೇ ಕೇಳಿದ.

ಮರುದಿನ ಅವನು ಮಸ್ಕಿಗೆ ಹೊರಟ. ನಾನೂ ಹೋದೆ. ಡಂಗುರದವನು ಸುತರಾಂ ಒಪ್ಪಲಿಲ್ಲ. “ಹುಕುಂ ಆಗೇತಿ ಅಂತ ಸಾರಿ ಗೊತ್ತೈತ್ರೀ ಸಾಹುಕಾರ್ರ, ಹುಕುಂ ಅಲ್ಲ ಅಂತ ನಮ್ಮಪ್ಪನೂ ಸಾರಿಲ್ಲ. ಮಂದಿ ನಗತಾರ. ದುಪ್ಪಟ್ಟು ಕೊಡ್ರಿ.” ಕಾಕಾ ದುಪ್ಪಟ್ಟು ಕೊಟ್ಟ. ಈ ಸಲ ನಾವು ಅವನ ಹಿಂದೆ ಹಿಂದೆಯೇ ನಡೆದೆವು. ಅವನು ಮೊದಲ ಓಣಿಯ ಮೂಲೆಯಲ್ಲಿ ನಿಂತು, ಹಲಗೆ ಬಾರಿಸಿ, ಗಂಟಲು ಸರಿಮಾಡಿಕೊಂಡು ಕೂಗಿದ:

“ಕೇಳ್ರಪೋ ಕೇಳ್ರಿ! ಸರಕಾರದ ಹುಕುಂ ಆಗೇತಿ! ಪರದಿ ತಗೊಳ್ಳೂದು ಸರಕಾರದ ಹುಕುಂ ಅಲ್ಲಾ! ಬ್ಯಾಡಾದವರು ತಿರುಗಿ ಕೊಟ್ಟು ರೊಕ್ಕ ಒಯ್ಯಬೇಕೂ!”

ಇದೂ ಸರಕಾರದ ಹುಕುಮ್ಮೇ ಎಂದು ತಿಳಿದು, ಬೇಕಾದವರೂ ಬೇಡವಾದವರೂ ಮರುದಿನ ಎಲ್ಲರೂ ಮರಳಿ ತಂದರು! ಕಾಕಾನ ಇಡೀ ಪ್ರಚಾರದ ಬದುಕಿನಲ್ಲಿ ಇಷ್ಟು ಪೂರ್ತಿ ಫಲ ಕೊಟ್ಟ ಜಾಹೀರಾತು ಇನ್ನೊಂದಿಲ್ಲ. ಒಬ್ಬನ ಪರದೆಯನ್ನು ಆಡು ಮೇಯ್ದಿತ್ತು, ಅರ್ಧವೇ ಉಳಿದಿತ್ತು. ಅವನಿಗೂ ಪೂರ್ತಿ ರೊಕ್ಕ. “ಆಡಿಗೇನ್ ಗೊತ್ತು ಹುಕುಂ” ಎಂದ ಕಾಕಾ.

ಮಿರಗ ಕೂಡಿದ ವಾರ ಹೊಲ ಕ್ಯಾಂಪಿನವರ ಹೆಸರಿಗಾಯಿತು. ಕಾಕು ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು, ಬಂದು ಎಂದಿನಂತೆ ರೊಟ್ಟಿ ಬಡಿದಳು. ಅವಳು ಕಾಕಾನನ್ನು ಬೈಯಬಹುದು ಎಂದು ನಾವೆಲ್ಲ ಕಾದೆವು. ಗಿಣ್ಣದ ವಿಷಯಕ್ಕೆ ವರ್ಷಗಟ್ಟಲೆ ಬೈದವಳು, ಹೊಲದ ವಿಷಯಕ್ಕೆ ಒಂದು ಮಾತು ಆಡಲಿಲ್ಲ. ಅವಳಿಗೆ ಆಡುವ ಹಕ್ಕಿತ್ತು. ಆ ಹಕ್ಕನ್ನು ಯಾಕೆ ಬಳಸಲಿಲ್ಲ?

ಕಾಕಾ ಈಗ ಇಲ್ಲ. ಕಾಕು ಹೋದ ತಿಂಗಳು ಕಣ್ಣಿನ ಆಪರೇಷನ್ನಿಗೆಂದು ಬಂದು ನಮ್ಮ ಮನೆಯಲ್ಲಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೇಸರವಾಗಿ ಕೂತವಳಿಗೆ ಹಳೆಯ ಡೈರಿಯನ್ನೂ ಪ್ಲ್ಯಾನಿನ ನೋಟ್‌ಬುಕ್ಕನ್ನೂ ತೆಗೆದು ಓದಿದೆ. ಸೊಳ್ಳೆಯ ಕಾಲಿಗೂ ಓಡಿದ ಅಜ್ಜನಿಗೂ ಮನಸಾರೆ ನಕ್ಕಳು. ಓದುತ್ತ ಓದುತ್ತ ನಾನೇ ಒಂದು ಕಡೆ ನಿಂತೆ. ಪ್ಲ್ಯಾನಿನ ಎಲ್ಲ ಖರ್ಚಿನ ಮುಂದೆಯೂ ‘ಪ್ರಚಾರದ ಗಂಟಿನಿಂದ’ ಎಂದು ಬರೆದಿದ್ದೇನೆ. ಎರಡನೆಯ ಡಂಗುರದ ಮುಂದೆ ಏನೂ ಬರೆದಿಲ್ಲ. ಆ ಹೊತ್ತಿಗೆ ಗಂಟು ಖಾಲಿ. ಅಂಗಡಿಯ ಪೆಟ್ಟಿಗೆಯಲ್ಲಿದ್ದದ್ದು ಜನರಿಗೆ ಮರಳಿಸುವ ರೊಕ್ಕ, ಅದನ್ನು ಕಾಕಾ ಮುಟ್ಟುವವನಲ್ಲ. ಮತ್ತೆ ಆ ದುಪ್ಪಟ್ಟು ಎಲ್ಲಿಂದ ಬಂತು?

ನನಗೊಂದು ಚಿತ್ರ ನೆನಪಿದೆ. ಮಸ್ಕಿಗೆ ಹೊರಟ ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಖಾಲಿ ಕೈಯಲ್ಲಿ ಕೂತಿದ್ದಾನೆ. ಕಾಕು ಒಳಗಿನಿಂದ ಬಂದು, ಅವನ ಮುಖ ನೋಡದೆ, ಅವನ ಅಂಗೈಯಲ್ಲಿ ಮಡಚಿದ ನೋಟು ಇಟ್ಟು, ಬೆರಳು ಮುಚ್ಚಿ ಹೋಗುತ್ತಾಳೆ. ಡೈರಿಯಲ್ಲಿ ಇದಿಲ್ಲ. ನಾನು ಕಂಡದ್ದೋ, ಆಮೇಲೆ ನನ್ನ ಮನಸ್ಸೇ ಬರೆದು ಸೇರಿಸಿದ್ದೋ ಹೇಳಲಾರೆ. ಅದಕ್ಕೇ ಅವಳನ್ನೇ ಕೇಳಿದೆ. ಅವಳು ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿದಳು. ತಿಂಗಳಾಯಿತು, ಪಟ್ಟಿ ಬಿಚ್ಚಿ ಊರಿಗೂ ಹೋದಳು, ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ಕಾಕು, ಆ ಎರಡನೇ ಡಂಗುರ ಸಾರಿದ್ರ ಹೊಲ ಹೋಗತೈತಿ ಅಂತ ನಿನಗ ಗೊತ್ತಿತ್ತು. ಅಂದ್ರೂ ಅದರ ರೊಕ್ಕ ನೀನ ಕೊಟ್ಟಿದ್ದೇನು?”